ಆಪತ್ತಿಗೊಂದು ಪೆನ್ ಡ್ರೈವ್

ಆಪತ್ಕಾಲಕ್ಕೆಂದು ಎತ್ತಿಡುವುದರಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಮೀರಿಸುವವರಿಲ್ಲ. ಸಾಸಿವೆ ಡಬ್ಬಿಯ ತಳದಲ್ಲಿ ನಾಲ್ಕು ನೋಟು, ದೇವರ ಗೂಡಿನ ಪಕ್ಕದಲ್ಲಿ ಮೇಣದಬತ್ತಿ, ಬೆಂಕಿಪೊಟ್ಟಣ, ಹೊಟ್ಟೆನೋವಿಗೆ ಓಮದ ಕಾಳು, ಪಕ್ಕದ ಮನೆಯವರ ಹತ್ತಿರ ನಮ್ಮ ಮನೆಯದೊಂದು ಬೀಗದ ಕೈ – ಇವಿಲ್ಲದೆ ಸಂಸಾರ ಮಾಡಿದ ಗೃಹಿಣಿಯನ್ನು ನಾನಂತೂ ಕಂಡಿಲ್ಲ. ಈ ಸಾಲಿಗೆ ಇನ್ನೊಂದು ವಸ್ತು ಸೇರಬೇಕೆಂಬುದು ನನ್ನ ಅಭಿಪ್ರಾಯ. ಅದು ಹೆಬ್ಬೆರಳಿನಷ್ಟಿರುವ ಒಂದು ಪೆನ್ ಡ್ರೈವ್. ಬರೀ ಪೆನ್ ಡ್ರೈವ್ ಅಲ್ಲ, ಏಳದೆ ಮಲಗಿದ ಕಂಪ್ಯೂಟರನ್ನು ಎಬ್ಬಿಸಬಲ್ಲ ಪೆನ್ ಡ್ರೈವ್.

"ಅಯ್ಯೋ, ಅದು ಹುಡುಗರ ವಿದ್ಯೆ" ಎಂದು ಪುಟ ಮಗುಚಬೇಡಿ. ನಾನೂ ಬಿ.ಎ., ಬಿ.ಎಡ್. ಮಾಡಿ ಕನ್ನಡ, ಸಮಾಜ ವಿಜ್ಞಾನ ಹೇಳಿಕೊಡುವವಳೇ.

ಹಿಂದೆ ಟ್ರಂಕಿನಲ್ಲಿದ್ದುದೆಲ್ಲ ಈಗ ಕಂಪ್ಯೂಟರಿನಲ್ಲಿದೆ. ಮದುವೆಯ ಫೋಟೋ, ಮಕ್ಕಳ ಅಂಕಪಟ್ಟಿ, ಜಮೀನಿನ ಕಾಗದಗಳ ನಕಲು ಎಲ್ಲ ಅದರೊಳಗೆ. ನಮ್ಮ ಮನೆಯದರಲ್ಲಿ ಇವುಗಳ ಜೊತೆಗೆ ನಮ್ಮ ಅತ್ತೆಯವರ ದನಿಯೂ ಇತ್ತು. ಬೀಸುವ ಪದ, ಸೋಬಾನೆ ಪದಗಳಲ್ಲಿ ಅವರು ಎತ್ತಿದ ಕೈ. ಅವರಿಗೆ ಓದು ಬರಹ ಬರುತ್ತಿರಲಿಲ್ಲ, ಎಲ್ಲವೂ ಬಾಯಲ್ಲೇ. 2016ರಲ್ಲಿ ಒಂದಷ್ಟು ಪದಗಳನ್ನು ಮೊಬೈಲಿನಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿಟ್ಟಿದ್ದೆವು. 2019ರಲ್ಲಿ ಅವರು ತೀರಿಕೊಂಡರು. ಆ ಮೊಬೈಲೂ ಕೆಟ್ಟುಹೋಯಿತು.

ಒಂದು ಬೆಳಿಗ್ಗೆ ಕಂಪ್ಯೂಟರ್ ಕಪ್ಪು ಪರದೆಯ ಮೇಲೆ ಎರಡು ಸಾಲು ಇಂಗ್ಲಿಷ್ ತೋರಿಸಿ ನಿಂತುಬಿಟ್ಟಿತು. ಆನಗೋಡಿನಿಂದ ಬಸ್ಸಿನಲ್ಲಿ ಆ ಡಬ್ಬವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ದಾವಣಗೆರೆಗೆ ಹೋದೆ. ಅಂಗಡಿಯ ಹುಡುಗ ಐದು ನಿಮಿಷ ನೋಡಿ, "ಫಾರ್ಮ್ಯಾಟ್ ಮಾಡ್ಬೇಕ್ರಿ ಮೇಡಂ, ಒಳಗಿರೋದೆಲ್ಲ ಹೋಗ್ತೈತೆ" ಎಂದ. ಎಲ್ಲ ಹೋಗುವುದಾದರೆ ರಿಪೇರಿ ಯಾಕಪ್ಪಾ ಎಂದು ಡಬ್ಬವನ್ನು ವಾಪಸ್ಸು ತಂದೆ.

ಆ ಭಾನುವಾರ ಇಂಜಿನಿಯರಿಂಗ್ ಓದುವ ನನ್ನ ತಂಗಿಯ ಮಗಳು ಬಂದಳು. "ದೊಡ್ಡಮ್ಮ, ಮನೆಗೆ ಏನೂ ಆಗಿಲ್ಲ, ಬಾಗಿಲ ಬೀಗ ಮಾತ್ರ ಕೆಟ್ಟೈತೆ. ಹಿತ್ತಲ ಬಾಗ್ಲಿಂದ ಹೋಗಾಣ ಬಾ" ಎಂದಳು. ಈ ಒಂದು ಮಾತಿನಲ್ಲಿ ಇಡೀ ವಿದ್ಯೆ ನನಗೆ ತಿಳಿಯಿತು. ವಿಂಡೋಸ್ ಎನ್ನುವುದು ನಮ್ಮನ್ನು ಒಳಗೆ ಬಿಡುವ ವ್ಯವಸ್ಥೆ. ಅದು ಕೆಟ್ಟ ಮಾತ್ರಕ್ಕೆ ಹಾರ್ಡ್ ಡಿಸ್ಕಿನಲ್ಲಿರುವ ಸಾಮಾನು ಹಾಳಾಗಿರಬೇಕೆಂದೇನೂ ಇಲ್ಲ. ಇನ್ನೊಂದು ವ್ಯವಸ್ಥೆಯನ್ನು ಪೆನ್ ಡ್ರೈವಿನಲ್ಲಿ ತಂದು ಕಂಪ್ಯೂಟರನ್ನು ಅದರಿಂದಲೇ ಎಬ್ಬಿಸಿದರೆ ಒಳಗಿನ ಕಡತಗಳು ಕಾಣಿಸುತ್ತವೆ.

ಇದು ಹೊಸ ಉಪಾಯವೇನಲ್ಲ. ಜರ್ಮನಿಯ ಕ್ಲಾಸ್ ಕ್ನೋಪರ್ ಎಂಬುವರು 2000ದಲ್ಲೇ ಸಿಡಿಯಿಂದ ನಡೆಯುವ ಕ್ನಾಪಿಕ್ಸ್ ಎಂಬ ಲಿನಕ್ಸನ್ನು ಹೊರತಂದಿದ್ದರು. ಈಗ ಸಿಡಿಯ ಜಾಗಕ್ಕೆ ಪೆನ್ ಡ್ರೈವ್ ಬಂದಿದೆ, ಅಷ್ಟೆ.

ಮಾಡುವ ಕ್ರಮ ಹೀಗಿದೆ. 16 ಅಥವಾ 32 ಜಿಬಿಯ ಖಾಲಿ ಪೆನ್ ಡ್ರೈವ್ ಒಂದು ಬೇಕು; ಅದರಲ್ಲಿ ಏನಿದ್ದರೂ ಅಳಿಸಿಹೋಗುತ್ತದೆ. ಚೆನ್ನಾಗಿರುವ ಬೇರೊಂದು ಕಂಪ್ಯೂಟರಿನಲ್ಲಿ ವೆಂಟಾಯ್ ಎಂಬ ಉಚಿತ ತಂತ್ರಾಂಶವನ್ನು ಇಳಿಸಿಕೊಂಡು ಪೆನ್ ಡ್ರೈವಿಗೆ ಹಾಕಬೇಕು. ಆಮೇಲೆ ಬೇಕಾದ ಸಾಧನಗಳ ಐಎಸ್ಒ ಕಡತಗಳನ್ನು ಫೋಟೋ ನಕಲು ಮಾಡಿದಷ್ಟೇ ಸುಲಭವಾಗಿ ಅದರೊಳಗೆ ಹಾಕಿದರೆ ಆಯಿತು. ವೆಂಟಾಯ್ ಇಲ್ಲದೆ ಬರೀ ಐಎಸ್ಒ ಕಡತವನ್ನು ನಕಲು ಮಾಡಿದರೆ ಕಂಪ್ಯೂಟರ್ ಏಳುವುದಿಲ್ಲ.

ನಮ್ಮದರಲ್ಲಿ ನಾಲ್ಕು ಇವೆ. ನೋಡಲು ವಿಂಡೋಸಿನಂತೆಯೇ ಇರುವ ಲಿನಕ್ಸ್ ಮಿಂಟ್, ಕಡತ ನಕಲಿಗೆ. ಸಿಸ್ಟಮ್ ರೆಸ್ಕ್ಯೂ, ಕೆಟ್ಟ ಡಿಸ್ಕ್ ವಿಭಾಗಗಳ ದುರಸ್ತಿಗೆ. ಅಳಿಸಿಹೋದ ಫೋಟೋ ಹುಡುಕುವ ಫೋಟೋರೆಕ್ ಇದರೊಳಗೇ ಇದೆ, ಸಿಕ್ಕಿದವುಗಳಿಗೆ ಹಳೆಯ ಹೆಸರು ಮಾತ್ರ ಉಳಿದಿರುವುದಿಲ್ಲ. ಕ್ಲೋನ್‌ಜಿಲ್ಲಾ, ಇಡೀ ಡಿಸ್ಕಿನ ಪಡಿಯಚ್ಚು ತೆಗೆಯಲು. ಮೆಮ್‌ಟೆಸ್ಟ್, ರ್‍ಯಾಮ್ ಪರೀಕ್ಷೆಗೆ. ಎಲ್ಲವೂ ಉಚಿತ.

ಪೆನ್ ಡ್ರೈವ್ ಚುಚ್ಚಿ ಸ್ವಿಚ್ ಹಾಕಿದೊಡನೆ ಎಫ್12 ಒತ್ತುತ್ತಿರಬೇಕು. ಕೆಲವು ಕಂಪನಿಗಳದರಲ್ಲಿ ಎಫ್9 ಅಥವಾ ಎಸ್ಕೇಪ್. ಯಾವುದರಿಂದ ಏಳಲಿ ಎಂದು ಯಂತ್ರವೇ ಕೇಳುತ್ತದೆ. ನಾವು ಮಿಂಟ್ ಆರಿಸಿದೆವು. ಎರಡು ನಿಮಿಷದಲ್ಲಿ ನಮ್ಮ ಕಡತಗಳೆಲ್ಲ ಸಾಲಾಗಿ ಕಂಡವು. ಪದಗಳನ್ನು ಇನ್ನೊಂದು ಡಿಸ್ಕಿಗೆ ಇಳಿಸಿ ಒಂದನ್ನು ಹಚ್ಚಿದೆವು. ಪದದ ನಡುವೆ ಅತ್ತೆ ಥಟ್ಟನೆ ನಿಲ್ಲಿಸಿ, "ಹಾಲು ಉಕ್ತೈತೆ ನೋಡೇ" ಎಂದರು. ಅಡಿಗೆಮನೆಯ ಕಡೆ ನನ್ನ ಕತ್ತು ತಾನಾಗಿಯೇ ತಿರುಗಿತು. ಈಗ ಆ ಪದಗಳು ಹರಿಹರದ ನಾದಿನಿಯ ಮನೆಯಲ್ಲೂ ಇವೆ. ಆಕೆ ಹಾಡಿಗಿಂತ ಈ ಬೈಗುಳದಂಥ ಮಾತನ್ನೇ ಮತ್ತೆ ಮತ್ತೆ ಕೇಳುತ್ತಾಳಂತೆ.

ನೆನಪಿಡಬೇಕಾದ ಮಾತುಗಳು ಕೆಲವಿವೆ. ಮೊದಲು ನಕಲು, ಆಮೇಲೆ ದುರಸ್ತಿ. ಡಿಸ್ಕು ಟಕ್ ಟಕ್ ಎನ್ನುತ್ತಿದ್ದರೆ ಯಂತ್ರವೇ ಸವೆದಿದೆ ಎಂದರ್ಥ. ಕೂಡಲೇ ಆರಿಸಿ, ಬಲ್ಲವರಿಗೆ ಕೊಡಬೇಕು. ಹೊಸ ವಿಂಡೋಸ್ 11 ಕಂಪ್ಯೂಟರುಗಳಲ್ಲಿ ಅನೇಕ ವೇಳೆ ಡಿಸ್ಕಿಗೇ ಗೂಢಲಿಪಿಯ ಬೀಗವಿರುತ್ತದೆ. ಅದರ 48 ಅಂಕಿಗಳ ಕೀಲಿ ಇಲ್ಲದಿದ್ದರೆ ಯಾವ ಹಿತ್ತಲ ಬಾಗಿಲೂ ತೆರೆಯದು. ಅದನ್ನು ಈಗಲೇ ಕಾಗದದಲ್ಲಿ ಬರೆದಿಡಿ. 'ನುಡಿ'ಯ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಪ್ರಶ್ನೆಪತ್ರಿಕೆಗಳು ಲಿನಕ್ಸಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಂತೆ ಕಂಡರೆ ಗಾಬರಿ ಬೇಡ. ಕಡತ ಕೆಟ್ಟಿಲ್ಲ, ಆ ಅಕ್ಷರಶೈಲಿ ಅಲ್ಲಿಲ್ಲ, ಅಷ್ಟೆ.

ಲಿನಕ್ಸ್ ಎಂದರೆ ಹಿಂಜರಿಯುವವರಿಗೆ ಕಾಸರಗೋಡಿನ ಮಾತು ಹೇಳುತ್ತೇನೆ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಶುರುವಾಗಿ 2017ರಲ್ಲಿ ಕೈಟ್ ಎಂದಾದ ಸಂಸ್ಥೆ ಸರ್ಕಾರಿ ಶಾಲೆಗಳಿಗೆ ಲಿನಕ್ಸನ್ನೇ ತಂದಿದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದರಲ್ಲೇ. ಮಕ್ಕಳಿಗೆ ಬಾರದ ಭಯ ನಮಗೇಕೆ? ವಿಂಡೋಸ್ 10ಕ್ಕೆ ಕಂಪನಿಯ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಗುಜರಿಗೆ ಹೋಗಬೇಕಿದ್ದ ಎಷ್ಟೋ ಹಳೆಯ ಯಂತ್ರಗಳಿಗೂ ಇದೇ ಪೆನ್ ಡ್ರೈವಿನಿಂದ ಮರುಜೀವ ಕೊಡಬಹುದು.

ಬಾಯಾರಿದಾಗ ಬಾವಿ ತೋಡುವುದು ಬೇಡ. ಕಂಪ್ಯೂಟರ್ ಚೆನ್ನಾಗಿರುವಾಗಲೇ, ರಜೆಯ ಒಂದು ಮಧ್ಯಾಹ್ನ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಮಾಡಿ, ಒಮ್ಮೆ ಎಬ್ಬಿಸಿಯೂ ನೋಡಿ. ಆಮೇಲೆ ಬಣ್ಣದ ದಾರ ಕಟ್ಟಿ, "ಇದನ್ನು ಯಾರೂ ಸಿನಿಮಾ ಹಾಕಿಕೊಳ್ಳಲು ಒಯ್ಯಬಾರದು" ಎಂದು ಚೀಟಿ ಅಂಟಿಸಿಡಿ. ಕೊನೆಯದು ಎಲ್ಲಕ್ಕಿಂತ ಕಷ್ಟದ ಹಂತ ಎಂದು ಅನುಭವದಿಂದ ಹೇಳುತ್ತಿದ್ದೇನೆ.