ಕೊಡಚಾದ್ರಿಗೆ ಒಂದು ಹಗಲಿನ ಲೆಕ್ಕ

ಮೂರು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳ ಒಂದು ಸಂಜೆ, ನಾನೂ ನನ್ನ ಸಹೋದ್ಯೋಗಿ ಮಿತ್ರರೊಬ್ಬರೂ ಹಿಡ್ಲುಮನೆ ಜಲಪಾತದ ಮಗ್ಗುಲ ಬಂಡೆಯೊಂದರ ಮೇಲೆ, ಇದ್ದ ಒಂದೇ ಟಾರ್ಚನ್ನು ನಡುವೆ ಇಟ್ಟುಕೊಂಡು ಕುಳಿತಿದ್ದೆವು. ಗಂಟೆ ಆರೂವರೆ. ಮಿತ್ರರ ಪಾದ ಉಳುಕಿತ್ತು. ಮೇಲೆ ಕೊಡಚಾದ್ರಿಯ ನೆತ್ತಿಯಲ್ಲಿ ಇನ್ನೂ ಕೆಂಬೆಳಕು ಉಳಿದಿದ್ದೀತು. ಕಾಡಿನೊಳಗೆ ಮಾತ್ರ ನಮ್ಮ ಕೈ ನಮಗೇ ಕಾಣದ ಕತ್ತಲು. ಬೆಳಿಗ್ಗೆ ತಿಂಡಿ ಕೊಟ್ಟ ಮನೆಯವರು, ‘ಇವರು ಇನ್ನೂ ಬರಲಿಲ್ಲವಲ್ಲ’ ಎಂದು ಇಬ್ಬರು ಆಳುಗಳನ್ನು ಕಳುಹಿಸದೆ ಇದ್ದಿದ್ದರೆ ಆ ರಾತ್ರಿ ಹೇಗೆ ಕಳೆಯುತ್ತಿತ್ತೋ ನಾನು ಹೇಳಲಾರೆ.

ಈ ವರ್ಷ ನನ್ನ ಪತ್ನಿಯೂ ಹತ್ತು ವರ್ಷದ ಮಗಳೂ ಜೊತೆಗೆ ಬರುತ್ತೇವೆಂದು ಹಟ ಹಿಡಿದಾಗ, ಆ ಬಂಡೆಯ ನೆನಪೇ ಮೊದಲು ಎದುರಿಗೆ ಬಂದು ನಿಂತಿತು. ಹೊರಡುವ ಹದಿನೈದು ದಿನ ಮೊದಲೇ ಕಾಗದ ಪೆನ್ಸಿಲು ಹಿಡಿದು ಕುಳಿತೆ.

ನಿಟ್ಟೂರಿನ ಕಡೆಯಿಂದ ಬೆಟ್ಟವನ್ನು ಬಳಸಿ ಬರಲು ಎರಡು ದಾರಿಗಳು. ಒಂದು, ಜೀಪುಗಳು ಏದುಸಿರು ಬಿಡುತ್ತ ಹತ್ತುವ ಕೆಮ್ಮಣ್ಣಿನ ರಸ್ತೆ. ಇನ್ನೊಂದು, ಜಲಪಾತದ ಪಕ್ಕದಲ್ಲಿಯೇ ಕಡಿದಾಗಿ ಏರುವ ಕಾಲುದಾರಿ. ಇದು ಕಾಡನ್ನು ದಾಟಿ ಹುಲ್ಲುಗಾವಲಿಗೆ ಬಂದು ಮೇಲೆಲ್ಲೋ ಜೀಪಿನ ರಸ್ತೆಯನ್ನೇ ಕೂಡುತ್ತದೆ. ಒಂದರಲ್ಲಿ ಏರಿ ಮತ್ತೊಂದರಲ್ಲಿ ಇಳಿದರೆ ಬೆಟ್ಟಕ್ಕೆ ಒಂದು ಸುತ್ತು. ಹಿಂದಿನ ಸಲ ನಾವು ಒಂಬತ್ತಕ್ಕೆ ಹೊರಟು, ರಸ್ತೆಯಲ್ಲಿ ಹರಟುತ್ತ ಏರಿ, ನೆತ್ತಿಯಲ್ಲಿ ನಾಲ್ಕರವರೆಗೆ ಮೈಮರೆತು ಕುಳಿತು, ಜಲಪಾತದ ದಾರಿಯಲ್ಲಿ ಇಳಿದಿದ್ದೆವು.

“ದೇವಸ್ಥಾನಕ್ಕಾದರೆ ಬಲಗಡೆಯಿಂದ ಪ್ರದಕ್ಷಿಣೆ ಎಂದಿದೆ. ಬೆಟ್ಟಕ್ಕೆ ಯಾವ ಕಡೆಯಿಂದ?” ಎಂದು ಪತ್ನಿ ಕೇಳಿದಳು. ಹಾಸ್ಯಕ್ಕೆಂದು ಕೇಳಿದ ಪ್ರಶ್ನೆಯಾದರೂ ಎಲ್ಲ ಲೆಕ್ಕವೂ ಅದರಲ್ಲಿಯೇ ಇತ್ತು. ಒದ್ದೆ ಬಂಡೆಯನ್ನು ಹತ್ತುವಾಗ ಅದು ಕಣ್ಣೆದುರಿಗೆ ಇರುತ್ತದೆ, ಕೈಗೆ ಸಿಗುತ್ತದೆ. ಇಳಿಯುವಾಗ ಅದೇ ಬಂಡೆ ಕಾಲಡಿಗೆ ಹೋಗಿ ಮರೆಯಾಗುತ್ತದೆ. ಮೊಣಕಾಲುಗಳೂ ಅಷ್ಟರಲ್ಲಿ ಸೋತಿರುತ್ತವೆ. ಆದುದರಿಂದ ಜಲಪಾತ ಬೆಳಿಗ್ಗೆ, ರಸ್ತೆ ಸಂಜೆ. ರಸ್ತೆಯಾದರೆ ಕತ್ತಲಾದರೂ ದಾರಿ ತಪ್ಪುವ ಭಯವಿಲ್ಲ.

ಇನ್ನು ಹೊತ್ತಿನ ವಿಚಾರ. ಸ್ಕಾಟ್ಲೆಂಡಿನ ನೇಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸೂತ್ರ ಕೊಟ್ಟಿದ್ದಾನೆ: ನಕ್ಷೆಯಲ್ಲಿನ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ 2000 ಅಡಿಗೆ ಇನ್ನೊಂದು ಗಂಟೆ. ಸೂತ್ರ ಒಳ್ಳೆಯದೇ, ಆದರೆ ನೇಸ್ಮಿತ್‌ಗೆ ನಮ್ಮ ಮಲೆನಾಡಿನ ಬೇರು, ಬೀಳಲು, ಪಾಚಿಗಳ ಪರಿಚಯವಿರಲಿಲ್ಲ. ಬಂದ ಮೊತ್ತಕ್ಕೆ ಅದರ ಅರ್ಧವನ್ನು ಸೇರಿಸಿಕೊಂಡೆ. ಮಗಳಿಗಾಗಿ ಮತ್ತೊಂದು ಗಂಟೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಸುಮಾರಿಗೆ, ಮುಳುಗುವುದು ಆರು ದಾಟುತ್ತಲೇ. ಏಳಕ್ಕೆ ಹೊರಟರೆ ಕೈಯಲ್ಲಿ ಹನ್ನೊಂದು ಗಂಟೆಯ ಬೆಳಕು. ಅದರಲ್ಲಿ ಎರಡನ್ನು ಮುಟ್ಟದೆ ಇಟ್ಟುಕೊಳ್ಳಬೇಕು. ಹೀಗೆ ಕೂಡಿ ಕಳೆದಾಗ, ಎರಡು ಗಂಟೆಗೆ ನಾವು ಎಲ್ಲಿಯೇ ಇರಲಿ, ಮುಖ ತಿರುಗಿಸಲೇಬೇಕು ಎಂದು ಬಂದಿತು.

ಮಳೆಗಾಲದಲ್ಲಿ ಈ ಬೆಟ್ಟದ ಗೊಡವೆ ಬೇಡ. ಜಾರುವ ಬಂಡೆಗಿಂತ ಇಂಬಳಗಳೇ ಹೆಚ್ಚು ಕಾಡುತ್ತವೆ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹಿತ. ಬೆಟ್ಟ ಇರುವುದು ಮೂಕಾಂಬಿಕಾ ವನ್ಯಜೀವಿಧಾಮದಲ್ಲಿ. ಕಾಲುದಾರಿ ತೆರೆದಿದೆಯೇ, ಅನುಮತಿ ಹೇಗೆ ಎಂಬುದನ್ನು ಅರಣ್ಯ ಇಲಾಖೆಯವರಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು. ತಲೆಗೆ ಮೂರು ಲೀಟರ್ ನೀರು, ತಲೆಗೊಂದು ಟಾರ್ಚು. ಕೆಳಗಿನ ಮನೆಯವರಿಗೆ ಹಿಂತಿರುಗುವ ಹೊತ್ತನ್ನು ಹೇಳಿಯೇ ಹೊರಡಬೇಕು. ಬುತ್ತಿಯ ವಿಷಯ ಪತ್ನಿಗೆ ಸೇರಿದ್ದು. ಚಪಾತಿಗೆ ಶೇಂಗಾ ಚಟ್ನಿಪುಡಿ ಎಂದು ತೀರ್ಮಾನವಾಯಿತು.

ಹೊರಟ ದಿನ ಜಲಪಾತದ ಬುಡಕ್ಕೆ ಬಂದಾಗ ಎಂಟೂವರೆ. ಬಿಸಿಲು ಇನ್ನೂ ನೀರಿಗೆ ತಾಗಿರಲಿಲ್ಲ. ಹಂತಹಂತವಾಗಿ ಧುಮುಕುವ ಆ ನೀರಿನ ಪಕ್ಕದಲ್ಲಿ ಮಗಳು ಕೋತಿಮರಿಯಂತೆ ಏರಿದಳು. ನಾನು ಪ್ರತಿ ಬಂಡೆಗೂ ನಮಸ್ಕಾರ ಮಾಡುವವನಂತೆ ಬಾಗಿ ಏರಿದೆ. ನಾನು ಹಿಂದೆ ಕುಳಿತಿದ್ದ ಬಂಡೆಯನ್ನು ಗುರುತಿಸಿದೆ. ಯಾರಿಗೂ ತೋರಿಸಲಿಲ್ಲ. ಕಾಡು ಒಮ್ಮೆಲೇ ಮುಗಿದು ಹುಲ್ಲಿನ ಇಳಿಜಾರು ತೆರೆದುಕೊಂಡಾಗ ಮೂವರೂ ಮಾತಿಲ್ಲದೆ ನಿಂತೆವು. ಮೂಲ ಮೂಕಾಂಬಿಕೆಯ ಗುಡಿಯಲ್ಲಿ ಕೈಮುಗಿದು, ಅಲ್ಲಿನ ಕಬ್ಬಿಣದ ಕಂಬವನ್ನು ನೋಡಿಕೊಂಡು, 1343 ಮೀಟರ್ ಎತ್ತರದ ನೆತ್ತಿಗೆ ಬಂದಾಗ ಒಂದು ಗಂಟೆ. ಶಂಕರಾಚಾರ್ಯರು ತಪಸ್ಸು ಮಾಡಿದರೆಂದು ಹೇಳುವ ಸರ್ವಜ್ಞಪೀಠ ಒಂದು ಪುಟ್ಟ ಕಲ್ಲಿನ ಮಂಟಪ; ಅದರ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು.

ಆಗ ಬಂದಿತು ಸಂಕಟ. ಕೊಡಚಾದ್ರಿಯೆಂದರೆ ಎಲ್ಲರೂ ಹೇಳುವುದು ಸೂರ್ಯಾಸ್ತವನ್ನು. ಆಕಾಶ ತಿಳಿಯಾಗಿದ್ದರೆ ಪಡುವಣ ಸಮುದ್ರ ಇಲ್ಲಿಂದ ಕಾಣುತ್ತದೆ. “ಅಪ್ಪಾ, ಸೂರ್ಯ ಸಮುದ್ರಕ್ಕೆ ಬೀಳುವುದನ್ನು ನೋಡಿ ಹೋಗೋಣ” ಎಂದು ಮಗಳು ಕೇಳಿದಳು. ಪತ್ನಿ ಬಾಯಿಬಿಡಲಿಲ್ಲ, ಆದರೆ ಅವಳ ಕಣ್ಣೂ ಅದನ್ನೇ ಕೇಳುತ್ತಿತ್ತು. ಇದೇ ಬೆಟ್ಟದಲ್ಲಿ ನಾಲ್ಕರವರೆಗೆ ಕುಳಿತವನು ನಾನೇ ಅಲ್ಲವೆ? ಗಡಿಯಾರ ನೋಡಿದೆ: ಎರಡಕ್ಕೆ ಐದು ನಿಮಿಷ. ಎದ್ದು ಚೀಲ ಹೆಗಲಿಗೇರಿಸಿದೆ. ಮಗಳು ಅರ್ಧ ದಾರಿಯವರೆಗೆ ನನ್ನೊಡನೆ ಮಾತನಾಡಲಿಲ್ಲ.

ಇಳಿಯುವ ರಸ್ತೆಯಲ್ಲಿ ಸೂರ್ಯಾಸ್ತ ನೋಡುವವರ ಜೀಪುಗಳು ಒಂದರ ಹಿಂದೊಂದು ಎದುರಾದವು. ಅವುಗಳ ಕೆಂಧೂಳನ್ನೆಲ್ಲ ಉಂಡು, ಬೆಟ್ಟದ ಬುಡದಲ್ಲಿ ಸಿಕ್ಕ ಆಟೋ ಹಿಡಿದು ಬೆಳಗಿನ ಮನೆಯನ್ನು ತಲುಪಿದಾಗ ಐದೂಮುಕ್ಕಾಲು. ಮನೆಯ ಅಮ್ಮ ಜಗಲಿಯಲ್ಲಿಯೇ ನಿಂತಿದ್ದರು.

“ಈ ಸಲ ಬೆಳಕಿರುವಾಗಲೇ ಬಂದಿರಲ್ಲ!” ಎಂದರು.

ಮಗಳು ಚಟ್ಟನೆ ನನ್ನತ್ತ ತಿರುಗಿದಳು. “ಅಪ್ಪಾ, ಹೋದ ಸಲ ಏನಾಗಿತ್ತು?”

ಕಾಫಿ ಬರುವಷ್ಟರಲ್ಲಿ ಎಲ್ಲವನ್ನೂ ಹೇಳಬೇಕಾಯಿತು.