ಮೆಡಿಕಲ್ ಶಾಪಿನ ಮುಂದೆ ನಿಂತು ಬರೆದ ಟಿಪ್ಪಣಿಗಳು

ಸಂಜೆ ಏಳರ ಹೊತ್ತು. ಕೌಂಟರಿನ ಮುಂದೆ ಜನವೋ ಜನ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: “ಎಷ್ಟಾಯ್ತು?” ಔಷಧಿ ದೇಹದೊಳಗೆ ಹೋಗಿ ಏನು ಮಾಡುತ್ತದೆ ಎಂದು ನಾಲ್ಕು ವರ್ಷ ಓದಿ ಬಿ.ಫಾರ್ಮ್ ಮಾಡಿಕೊಂಡವರ ಹತ್ತಿರ ನಾವು ಕೇಳುವುದು ಇಷ್ಟೇ ಯಾಕೆ?

*

ಗೋಡೆಯ ಮೇಲೆ ಫ್ರೇಮು ಹಾಕಿದ ನೋಂದಣಿ ಪತ್ರ. ಚೀಟಿ ನೋಡಿ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟರೇ ಎಂದು 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತದೆ. ಪತ್ರದಲ್ಲಿರುವ ಹೆಸರು, ನನಗೆ ಮಾತ್ರೆ ಕೊಟ್ಟ ಕೈ, ಎರಡೂ ಒಬ್ಬರದೇನಾ? ಹಲವು ಅಂಗಡಿಗಳಲ್ಲಿ ತಿಳಿಯುವುದೇ ಇಲ್ಲ. ಇದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

*

ಒಬ್ಬ ಅಜ್ಜಿಗೆ ಸಂಧಿವಾತ. ಚೀಟಿಯಲ್ಲಿ ಮೆಥೊಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆಸಿಡ್. ಎರಡೂ ಪುಟ್ಟ ಹಳದಿ ಮಾತ್ರೆಗಳು. ಮೊದಲನೆಯದನ್ನು ಈ ಕಾಯಿಲೆಗೆ ತೆಗೆದುಕೊಳ್ಳುವುದು ವಾರಕ್ಕೊಮ್ಮೆ. ಮರೆತು ದಿನಾ ನುಂಗಿದರೆ ಮೂಳೆಯ ಮಜ್ಜೆ ಹಾಳಾಗಿ ಜೀವಕ್ಕೇ ಕುತ್ತು. ಕೌಂಟರಿನ ಯುವಕ ಕವರು ಕೊಡದೆ ಹಿಡಿದುಕೊಂಡೇ ಕೇಳಿದ: “ಅಜ್ಜಿ, ಇದನ್ನ ಯಾವ ವಾರ ತಗೋತೀರಿ?” “ಸೋಮವಾರ ಕಣಪ್ಪ.” ಕವರಿನ ಮೇಲೆ ದಪ್ಪಕ್ಷರದಲ್ಲಿ ‘ಸೋಮವಾರ ಮಾತ್ರ’ ಎಂದು ಬರೆದು, ಅಜ್ಜಿಯ ಬಾಯಲ್ಲೇ ಇನ್ನೊಮ್ಮೆ ಹೇಳಿಸಿದ. ಹಿಂದೆ ನಿಂತವರು ಗೊಣಗಿದರು. ಅವನು ತಲೆ ಎತ್ತಲಿಲ್ಲ. ಓದು ಸಾರ್ಥಕವಾಗುವುದು ಅಂದರೆ ಇದೇ.

*

1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಫಾರ್ಮಸಿ ವಿದ್ಯೆಗೆ ನಮ್ಮ ದೇಶದಲ್ಲಿ ಅಡಿಪಾಯ ಹಾಕಿದರು. ಅದು ಕಂಪೌಂಡರುಗಳ ಕಾಲ. ಬಾಟಲಿಗೆ ಮಿಕ್ಸ್ಚರ್ ತುಂಬಿ, ಒಂದೊಂದು ಡೋಸಿಗೂ ಕಚ್ಚು ಹಾಕಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರು. ಈಗ ಎಲ್ಲವೂ ಕಾರ್ಖಾನೆಯಿಂದ ತಯಾರಾಗಿಯೇ ಬರುತ್ತದೆ. ಹಾಗಾದರೆ ಫಾರ್ಮಸಿಸ್ಟರಿಗೆ ಉಳಿದದ್ದೇನು? ಚೀಟಿಯ ತಪ್ಪು ಹಿಡಿಯುವುದು, ರೋಗಿಗೆ ತಿಳಿಯುವಂತೆ ಹೇಳುವುದು. ಬೆರೆಸುವುದಕ್ಕಿಂತ ಇದೇ ಕಷ್ಟದ ಕೆಲಸ ಎಂದು ನನಗನ್ನಿಸುತ್ತದೆ.

*

ಡಿಪ್ಲೊಮಾದವರಿಗೆ ಎರಡು ವರ್ಷದ ಓದಿನ ಮೇಲೆ 500 ಗಂಟೆಯ ತರಬೇತಿ. 2008ರಲ್ಲಿ ಶುರುವಾದ ಫಾರ್ಮ್.ಡಿ. (ಡಾಕ್ಟರ್ ಆಫ್ ಫಾರ್ಮಸಿ) ಓದಿಗೆ ಇಂಟರ್ನ್‌ಶಿಪ್ ಸೇರಿ ಆರು ವರ್ಷ. ಫಾರ್ಮ್.ಡಿ.ಯವರು ವಾರ್ಡಿನಲ್ಲಿ ವೈದ್ಯರ ಜೊತೆ ಸುತ್ತಿ ಕಲಿಯುತ್ತಾರೆ. ಕಲಿತ ಮೇಲೆ ಹಲವರು ಸೇರುವುದು ಬೆಂಗಳೂರಿನ ಮೆಡಿಕಲ್ ಕೋಡಿಂಗ್ ಕಂಪನಿಗಳಿಗೆ. ರೋಗಿಯ ಪಕ್ಕದಲ್ಲಿ ಕಲಿತವರಿಗೆ ರೋಗಿಯ ಪಕ್ಕದಲ್ಲೇ ಜಾಗ ಸಿಗದಿರುವುದು ನನಗೆ ಅರ್ಥವಾಗದ ಸಂಗತಿ.

*

ಹತ್ತರ ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆ ಕತ್ತರಿಸಿದರು. ಎಕ್ಸ್‌ಪೈರಿ ದಿನಾಂಕ ಇದ್ದ ತುದಿ ಅಂಗಡಿಯಲ್ಲೇ ಉಳಿಯಿತು. ಬಿಲ್ಲಿನಲ್ಲಿ ಬ್ಯಾಚ್ ನಂಬರೂ ತಾರೀಖೂ ಇರುತ್ತವೆ, ಆದರೆ ಬಿಲ್ಲು ಕೇಳುವವರೇ ಕಡಿಮೆ.

*

ಕೆಲವು ಪ್ರಬಲ ಆಂಟಿಬಯೋಟಿಕ್‌ಗಳು ಔಷಧಿ ನಿಯಮಗಳ ಎಚ್1 ಪಟ್ಟಿಯಲ್ಲಿವೆ. ಅವನ್ನು ಮಾರಿದಾಗ ಬರೆದ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಎಷ್ಟು ಕೊಟ್ಟದ್ದು ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆದರೂ “ಚೀಟಿ ಇಲ್ಲ, ಹೋದ ಸಲ ಕೊಟ್ಟಿದ್ದೇ ಕೊಡಿ” ಎಂದು ಜಗಳ ಕಾಯುತ್ತೇವೆ. ಕೊಡುವುದಿಲ್ಲ ಎಂದವರು ನಮಗೆ ಉಪಕಾರವನ್ನೇ ಮಾಡುತ್ತಿದ್ದಾರೆ.

*

ಮುಂದಿನ ಸಲ ಹೋದಾಗ “ಇಲ್ಲಿ ಫಾರ್ಮಸಿಸ್ಟ್ ಯಾರು?” ಎಂದು ಕೇಳಿ. ಊಟಕ್ಕೆ ಮೊದಲೋ ಆಮೇಲೋ, ಬಿ.ಪಿ., ಶುಗರ್ ಮಾತ್ರೆಗಳ ಜೊತೆ ಇದು ಆಗುತ್ತದೋ ಇಲ್ಲವೋ, ಕೇಳಿಯೇ ದುಡ್ಡು ಕೊಡಿ. ಸಂಕೋಚ ಬೇಡ. ರೋಗಿಗೆ ತಿಳಿವಳಿಕೆ ಹೇಳುವುದು ಫಾರ್ಮಸಿಸ್ಟರ ಕರ್ತವ್ಯ ಎಂದು 2015ರ ಫಾರ್ಮಸಿ ವೃತ್ತಿಯ ನಿಯಮಾವಳಿಯಲ್ಲೇ ಬರೆದಿದೆ.