ಸಿಂಹಮೀನಿನ ನೆರೆ
ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಸಿಂಹಮೀನನ್ನು ಸಾಕಬಹುದೇ ಎಂದು ನನ್ನ ತಮ್ಮನ ಮಗನು ಕೇಳಿದನು. ಅದರ ಬೆನ್ನಿನ 13 ವಿಷಮುಳ್ಳುಗಳಿಗಿಂತ ಬಾಯಿಯೇ ನನ್ನನ್ನು ಯೋಚನೆಗೆ ಹಚ್ಚಿತು. ಮುಳ್ಳು ಆತ್ಮರಕ್ಷಣೆಗಷ್ಟೆ, ಬಾಯಿಗೆ ಹಿಡಿಸುವ ಮೀನನ್ನಾದರೋ ಅದು ಇಡಿಯಾಗಿ ನುಂಗಿಬಿಡುತ್ತದೆ. ಒಂದಡಿಯಷ್ಟು ಬೆಳೆಯುವ ಅದರ ಮಗ್ಗುಲಲ್ಲಿ, ಬಣ್ಣಕ್ಕೆ ಮರುಳಾಗಿ ಪುಟ್ಟ ಮೀನುಗಳನ್ನು ಬಿಡುವುದು ಸಾಕಣೆಯಲ್ಲ, ಬಲಿ. ದೊಡ್ಡ ಮೈಯ, ಅದರ ರೆಕ್ಕೆ ಕಚ್ಚದ ಸಾಧುಮೀನುಗಳೇ ನೆರೆಗೆ ತಕ್ಕವು. ಸತ್ತ ಸಿಗಡಿಯನ್ನು ತಿನ್ನಲು ಅದನ್ನು ರೂಢಿಸಬಹುದು. ಆದರೆ ಲಿಂಗಪೂಜೆಯ ಮನೆಯ ಫ್ರಿಜ್ಜಿನಲ್ಲಿ ಸಿಗಡಿಯನ್ನಿಡಲು ಅತ್ತೆ-ಸೊಸೆಯರು ಒಪ್ಪಬೇಕಲ್ಲ! ನನ್ನ ಮನಸ್ಸಂತೂ ಒಪ್ಪದು. ಆದರೂ ತರುವುದಾದರೆ ಕಡೆತನಕ ಸಾಕಬೇಕು. ಹಿಂದೂ ಮಹಾಸಾಗರ, ಪೆಸಿಫಿಕ್‌ಗಳ ಈ ಮೀನು 1985ರಲ್ಲಿ ಅಮೆರಿಕದ ಫ್ಲೋರಿಡಾದ ಕಡಲಲ್ಲಿ ಕಾಣಿಸಿಕೊಂಡಿತು. ಸಾಕಿದವರು ಹೊರಬಿಟ್ಟುದೇ ಕಾರಣವೆಂದು ತಜ್ಞರು ಎಣಿಸುತ್ತಾರೆ. ಅಲ್ಲಿನ ಹವಳದಿಬ್ಬಗಳ ಮರಿಮೀನುಗಳು ಇಂದಿಗೂ ಅದಕ್ಕೆ ತುತ್ತಾಗುತ್ತಿವೆ.